ಹಲ್ಲಿಗಿಲ್ಲದ ವಿಮೆ

“ಇನ್ನೂ ಸ್ವಲ್ಪ ಅಗಲ,” ಎಂದ ಶಿವಪ್ರಸಾದ್.

ಸ್ಫೂರ್ತಿ ಬಾಯಿ ಅಗಲಿಸಿದಳು. ಇಷ್ಟು ವರ್ಷಗಳ ಮೇಲೆ ಇವನೆದುರು ಬಾಯಿ ತೆರೆದದ್ದು ಹೀಗೆ, ಅನ್ನಿಸಿ ನಗು ಬಂತು. ನಗಲು ಜಾಗವಿರಲಿಲ್ಲ. ಬಾಯ ತುಂಬ ಅವನ ಕನ್ನಡಿ, ಅವನ ಬೆರಳು. ಕಿಟಕಿಯಾಚೆ ತರೀಕೆರೆ ಬಸ್‌ಸ್ಟ್ಯಾಂಡಿನ ಕೂಗಾಟ.

“ಐರ್ಲೆಂಡಲ್ಲಿ ಡೆಂಟಿಸ್ಟ್‌ಗಳಿಲ್ವಾ?” ಕನ್ನಡಿ ಹೊರಗೆಳೆದು ಕೇಳಿದ.

“ಇದಾರೆ. ಸ್ಟೂಡೆಂಟ್ ಇನ್ಶೂರೆನ್ಸಲ್ಲಿ ಹಲ್ಲು ಬರಲ್ಲ.”

“ಮತ್ತೇನು ಬರುತ್ತೆ?”

“ಆಕ್ಸಿಡೆಂಟು, ಆಸ್ಪತ್ರೆ. ಸತ್ರೆ ಹೆಣಾನ ಊರಿಗೆ ಕಳಿಸ್ತಾರೆ.”

“ಬದುಕಿದ್ರೆ?”

“ನಾವೇ ಬರ್ಬೇಕು.”

ಅವನು ನಗಲಿಲ್ಲ.

ಅವಳು ಹೇಳಿದ್ದು ಪೂರ್ತಿ ಸುಳ್ಳಲ್ಲ. ಆದರೆ ಹಲ್ಲಿಗೆಂದೇ ಬೇರೆ ಪಾಲಿಸಿ ಸಿಗುತ್ತಿತ್ತು. ಹೋದ ವರ್ಷವೇ ಮಾಡಿಸಿದ್ದಳು. ಡಬ್ಲಿನ್ನಿನ ವೈದ್ಯೆ ಚಿಕಿತ್ಸೆಗೆ ದಿನವನ್ನೂ ಕೊಟ್ಟಿದ್ದಳು. ಆ ದಿನ ಸ್ಫೂರ್ತಿ ವಿಮಾನದಲ್ಲಿದ್ದಳು, ಕೆನ್ನೆ ಹಿಡಿದುಕೊಂಡು, ಊರು ಮುಟ್ಟುವ ಮೊದಲೇ ನೋವು ನಿಂತುಬಿಟ್ಟರೆ ಎಂಬ ಭಯದಲ್ಲಿ.

ಕಡೂರಿನ ಕಾಲೇಜಿನಲ್ಲಿ ಇಬ್ಬರೂ ಜೊತೆ ಓದಿದವರು. ಆಮೇಲೂ ಜೊತೆಗಿದ್ದರು, ಅಜ್ಜಂಪುರದ ಅವಳ ಮನೆಯವರ ಕಿವಿಗೆ ಅವನ ಹೆಸರು ಬೀಳುವವರೆಗೆ. ಅಪ್ಪ ಗಂಗಾಧರಯ್ಯ ಕೂಗಾಡಲಿಲ್ಲ. ವಿಭೂತಿ ಹಚ್ಚಿಕೊಳ್ಳುತ್ತ, “ಒಳ್ಳೇ ಹುಡ್ಗ ಕಣವ್ವ, ಆದ್ರೆ...” ಎಂದು ನಿಲ್ಲಿಸಿದರು. ಅವನ ಮನೆಯ ಗೋಡೆಯ ಮೇಲಿದ್ದ ಬುದ್ಧನ ಪಟ ಅವಳಿಗೆ ನೆನಪಾಯಿತು. ಜಾತಿಯ ಹೆಸರು ಬರಬೇಕಿದ್ದ ಆ ವಾಕ್ಯವನ್ನು ಮನೆಯಲ್ಲಿ ಯಾರೂ ಮುಗಿಸಲಿಲ್ಲ. ಮುಗಿಸಿ ಎಂದು ಅವಳೂ ಕೇಳಲಿಲ್ಲ. ಸ್ಕಾಲರ್‌ಶಿಪ್ ಬಂದಿತ್ತು, ಹೊರಟುಬಿಟ್ಟಳು.

ಶಿವಪ್ರಸಾದ್ ಎಕ್ಸ್‌ರೇಯನ್ನು ಬೆಳಕಿಗೆ ಹಿಡಿದ. “ಉಳಿಸ್ಬೋದು. ಮೂರ್ನಾಲ್ಕು ಸಲ ಬರ್ಬೇಕಾಗುತ್ತೆ. ಇಲ್ಲಾಂದ್ರೆ ಕೀಳೋದು, ಇವತ್ತೇ ಮುಗಿಯುತ್ತೆ. ನಿಮ್ಗೆ ರಜ ಹೆಂಗೆ?”

ನಿಮ್ಗೆ. ಮೂಲೆಯಲ್ಲಿ ನರ್ಸ್ ದುರ್ಗಮ್ಮ ಸಾಮಾನು ತೊಳೆಯುತ್ತಿದ್ದಳು. ಅವಳಿಗಾಗಿ ಹಾಗಂದಿರಬಹುದು.

“ಡಾಕ್ಟ್ರು ಏನಂತೀರಿ?”

“ಉಳಿಸ್ಬೇಕು ಅಂತೀನಿ. ಟೈಮ್ ಇದ್ರೆ.”

ಇದೆ, ಅನ್ನಬೇಕಿತ್ತು. ವಾಪಸ್ಸಿನ ಟಿಕೆಟ್ಟನ್ನೇ ತೆಗೆದಿಲ್ಲ, ಅನ್ನಬೇಕಿತ್ತು. ಅವನು ಕಾಯುತ್ತಿದ್ದ, ಅಥವಾ ಸುಮ್ಮನೆ ಕೈಗವಸು ಸರಿಮಾಡಿಕೊಳ್ಳುತ್ತಿದ್ದ.

“ಉಳಿಸೋದು ಒಳ್ಳೇದೇ,” ಎಂದಳು. “ಆದ್ರೆ...”

ತನ್ನ ಬಾಯಿಂದ ಬಂದ ಅಪ್ಪನ ದನಿಗೆ ಅವಳೇ ಬೆಚ್ಚಿದಳು. ವಾಕ್ಯ ಮುಗಿಯಲೆಂದು ಶಿವಪ್ರಸಾದ್ ಕಾಯಲಿಲ್ಲ. ಕೀಳುವುದೇ ಎಂದುಕೊಂಡು, ಮರಗಟ್ಟಿಸುವ ಸಿರಿಂಜಿಗೆ ಕೈಚಾಚಿದ.

ನೋವಾಗಲಿಲ್ಲ. ತಲೆಬುರುಡೆಯೊಳಗೆಲ್ಲೋ ಬೇರು ಕಿತ್ತ ಸದ್ದು ಮಾತ್ರ ಕೇಳಿಸಿತು. “ಆಯ್ತು ಕಣೇ, ಆಯ್ತು,” ಎಂದುಬಿಟ್ಟ, ಬಹಳ ಹತ್ತಿರದಿಂದ. ದುರ್ಗಮ್ಮ ತಿರುಗಿ ನೋಡಿದಳು. ಅವನು ನೆಟ್ಟಗಾದ.

“ಹತ್ತಿ ಕಚ್ಕೊಂಡಿರಿ. ಸ್ವಲ್ಪ ಹೊತ್ತು ಮಾತಾಡ್ಬೇಡಿ.”

ಅಷ್ಟೇ. ಮತ್ತೆ ಬನ್ನಿ ಎನ್ನಲು ಇನ್ನು ಕಾರಣವೂ ಇರಲಿಲ್ಲ.

ಬಸ್ಸು ಹೊರಟಾಗ ಮುಖದ ಅರ್ಧ ಭಾಗ ತನ್ನದೆಂದು ಅನ್ನಿಸುತ್ತಿರಲಿಲ್ಲ. ಹತ್ತಿ ನೆನೆದು ಬಾಯಿ ತುಂಬಿತ್ತು.

“ಎಲ್ಲಿಗಮ್ಮ?” ಕಂಡಕ್ಟರ್ ಬಂದು ನಿಂತ.

ತುಟಿ ತೆರೆದರೆ ರಕ್ತ ಸೋರುತ್ತದೆ. ಅವಳು ಕೈಯನ್ನು ಮುಂದಕ್ಕೆ ತೋರಿಸಿದಳು.

“ಮುಂದೆ ಅಂದ್ರೆ ಯಾವೂರು?”

ಮತ್ತೆ ಅದೇ ಕೈ. ಕಂಡಕ್ಟರ್ ಅವಳ ಊದಿದ ಮುಖವನ್ನೊಮ್ಮೆ ನೋಡಿದ. ತಾನೇ ಯಾವುದೋ ಊರನ್ನು ಮೆಷಿನ್ನಿನಲ್ಲಿ ಒತ್ತಿ, ಹೆಂಗಸರ ಫ್ರೀ ಟಿಕೆಟ್ ಹರಿದು ಅವಳ ಅಂಗೈಯಲ್ಲಿಟ್ಟು ಮುಂದೆ ಹೋದ. ಅವಳು ಓದಲಿಲ್ಲ. ಮುಷ್ಟಿ ಮುಚ್ಚಿಕೊಂಡು ಕುಳಿತಳು.