ಏಳನೆಯ ಕೈ

ಮರಳಿನ ಚೀಲ ದಾಟಿಸುತ್ತ ಸಾಲಾಗಿ ನಿಂತಿದ್ದ ಅಷ್ಟೂ ಜನರಿಗೆ ಕಾಫಿ ಬಗ್ಗಿಸುತ್ತ ಬಂದ ದಾರ್ಕಾ, ತಂಗಿ ಒರಿಸಿಯಾಳ ಎದುರು ಬಂದಾಗ ಮಾತ್ರ ಜಗ್ಗನ್ನು ಎದೆಗವಚಿಕೊಂಡು ಮುಂದೆ ನಡೆದಳು.

ಉಳಿದವರು ಕಂಡೂ ಕಾಣದವರಂತೆ ಚೀಲ ದಾಟಿಸಿದರು. ದಾರ್ಕಾಳ ಮನೆಯ ಸುತ್ತ ಚೀಲದ ಗೋಡೆ ಸೊಂಟದೆತ್ತರಕ್ಕೆ ಬಂದಿತ್ತು. ಮೇ ತಿಂಗಳಾದರೂ ಮ್ಯಾನಿಟೋಬಾದ ಗಾಳಿ ಇನ್ನೂ ಕೊರೆಯುತ್ತಿತ್ತು. ಕೈಗವಸಿನೊಳಗೆ ಒದ್ದೆ ಮರಳು ನುಗ್ಗಿ ಒರಿಸಿಯಾಳ ಬೆರಳುಗಳು ಮರಗಟ್ಟಿದ್ದವು. ಮರುದಿನ ಬೆಳಿಗ್ಗೆ, ಇಲ್ಲಿಂದ ಸ್ವಲ್ಪ ಮೇಲೆ, ತುಂಬಿ ನಿಂತ ನದಿಯ ಏರಿಯನ್ನು ಬೇಕೆಂದೇ ಕಡಿಯುವವರಿದ್ದರು. ಕಡಿದರೆ ನೀರು ಈ ತಗ್ಗಿನ ಹೊಲಗಳಿಗೆ ಹರಿದು ಹನ್ನೊಂದು ಮನೆಗಳು ಮುಳುಗುತ್ತವೆ. ಕಡಿಯದೆ, ಏರಿ ತಾನಾಗಿ ಒಡೆದುಕೊಂಡರೆ ಝೋರ್ಯಾ ಊರಿಗೆ ಊರೇ ಹೋಗುತ್ತದೆ: ಎಂಟುನೂರು ಮನೆ, ಶಾಲೆ, ವೃದ್ಧಾಶ್ರಮ.

“ಕೌನ್ಸಿಲರಮ್ಮಾ, ಮಗೂನ್ನ ಚಿವುಟೋರೂ ನೀವೇ, ತೊಟ್ಟಿಲು ತೂಗೋರೂ ನೀವೇ,” ಎಂದ ಒರಿಸಿಯಾಗೆ ಪಕ್ಕದ ಹೊಲದ ಬೊಹ್ದಾನ್. ಅವನ ಮನೆಯೂ ಹನ್ನೊಂದರಲ್ಲಿ ಒಂದು. “ಇರ್ಲಿ ಬಿಡಿ. ಕಾರ್ಪೆಟ್ ತೊಳೀರಿ ತೊಳೀರಿ ಅಂತ ನನ್ನ ಹೆಂಡ್ತಿ ಪ್ರಾಣ ತಿಂತಿದ್ಲು.”

ಯಾರೋ ನಕ್ಕರು. ಒರಿಸಿಯಾಗೆ ನಗಲೂ ಆಗಲಿಲ್ಲ, ರೇಗಲೂ ಆಗಲಿಲ್ಲ.

ಹಿಂದಿನ ದಿನದ ಸಭೆಯಲ್ಲಿ ಎಂಜಿನಿಯರ್ ಎಲ್ಲವನ್ನೂ ಹೇಳಿ ಮುಗಿಸಿದ ಮೇಲೆ ಏರಿ ಕಡಿಯಲಿ ಎಂದು ಊರ ಮಂಡಳಿಯ ಮೂರು ಕೈಗಳು ಮೇಲೆದ್ದವು, ಮೂರು ಮೇಜಿನ ಮೇಲೇ ಉಳಿದವು. ಏಳನೆಯ ಕೈ ಒರಿಸಿಯಾಳದು. ಝೋರ್ಯಾದಲ್ಲಿ ಚಳಿಗಾಲದ ಹಿಮ ತೆಗೆಯುವ ಗಾಡಿ ಮೊದಲು ಯಾವ ಬೀದಿಗೆ ಹೋಗಬೇಕೆನ್ನುವುದು ಯಾರಿಗೆ ಯಾರು ನೆಂಟರು ಎನ್ನುವುದರ ಮೇಲೆ ನಿಂತಿತ್ತು. ಅದನ್ನು ತಪ್ಪಿಸುತ್ತೇನೆಂದೇ ಅವಳು ಗೆದ್ದು ಬಂದವಳು, ತಪ್ಪಿಸಿಯೂ ಇದ್ದಳು. ನನ್ನ ಮನೆಯಾದರೂ ಒಂದೇ, ಗುರುತಿಲ್ಲದವರ ಮನೆಯಾದರೂ ಒಂದೇ ಎಂದು ಹೇಳುತ್ತ ಬಂದವಳು, ಅಕ್ಕನ ಮನೆ ಎಂದ ತಕ್ಷಣ ಕೈ ಕಟ್ಟಿ ಕೂರುವುದು ಹೇಗೆ? ಕಣ್ಣು ಮುಚ್ಚಿ ಕೈ ಎತ್ತಿದ್ದಳು.

ಚೀಲ ಕೆಳಗಿಟ್ಟು ಅವಳು ಮನೆಯೊಳಗೆ ಹೋದಳು. ದಾರ್ಕಾ ನೆಲಮಾಳಿಗೆಯಿಂದ ಬೀಟ್‌ರೂಟ್ ಉಪ್ಪಿನಕಾಯಿಯ ಭರಣಿಗಳನ್ನು ಒಂದೊಂದಾಗಿ ತಂದು ಮೆಟ್ಟಿಲ ಮೇಲೆ ಜೋಡಿಸುತ್ತಿದ್ದಳು.

“ಅಕ್ಕಾ, ಮಂಚಾನ ಮಹಡಿಗೆ ಸಾಗಿಸೋಣ, ಒಂದು ಕಡೆ ಹಿಡ್ಕೋ.”

“ಎಂಟುನೂರು ಮನೆ ಮಂಚ ಉಳಿಸಿದ್ದೀಯಲ್ಲ, ಇದೊಂದರ ಚಿಂತೆ ಯಾಕೆ ತಾಯಿ?”

“ಹಾಗಾದ್ರೆ ಲೆಕ್ಕ ತಪ್ಪು ಅಂತ ಹೇಳು. ಎಲ್ಲಿ ತಪ್ಪಿದೆ, ತೋರಿಸು ನೋಡೋಣ!”

“ತಪ್ಪು ಅಂದೋರು ಯಾರು? ಸರಿಯಾಗೇ ಇದೆ.”

“ಈ ಜಾಗದಲ್ಲಿ ನನ್ನ ಮನೆ ಇದ್ದಿದ್ರೂ ಕೈ ಎತ್ತಿರ್ತಿದ್ದೆ. ದೇವರಾಣೆಗೂ.”

ದಾರ್ಕಾ ಭರಣಿಯ ಮುಚ್ಚಳವನ್ನು ಬಿಗಿ ಮಾಡಿದಳು. “ಎತ್ತಿರ್ತಿದ್ದೆ. ನಂಗೊತ್ತಿಲ್ವಾ ನಿನ್ನ ಬುದ್ಧಿ? ನಿನ್ನದನ್ನ ನೀನು ಕೊಡ್ತಿದ್ದೆ. ಇದು ನನ್ನದು ಕಣೇ. ನನ್ನನ್ನ ಕೇಳಿದ್ರೆ ಹೂಂ ಅಂತಿದ್ದೆ. ಆ ವೃದ್ಧಾಶ್ರಮದಲ್ಲಿ ಬಿದ್ಕೊಂಡಿರೋರೆಲ್ಲ ಚರ್ಚಿನ ಅಡುಗೆಮನೇಲಿ ನನ್ನ ಜೊತೆ ಕೂತು ಪಿರೋಹಿ ಕಡುಬು ಮಡಚಿದೋರು. ಅವರು ಮುಳುಗ್ಲಿ ಅಂತೀನಾ?”

“ಕೇಳೋಕೆ ಟೈಮ್ ಎಲ್ಲಿತ್ತು? ಹನ್ನೊಂದು ಮನೆ ಬಾಗಿಲು ತಟ್ಟಿ, ಒಬ್ಬರು ಹೂಂ, ಇನ್ನೊಬ್ಬರು ಊಹೂಂ. ನೀನೇ ಬೇಡ ಅಂದುಬಿಟ್ಟಿದ್ರೆ ನಾನೇನು ಮಾಡ್ಬೇಕಿತ್ತು?”

“ಬೇಡ ಅನ್ನೋದನ್ನ ಕೇಳಿಸ್ಕೊಂಡು ಕಡೀಬೇಕಿತ್ತು.”

ಒರಿಸಿಯಾಗೆ ಮೈಯೆಲ್ಲ ಉರಿಯಿತು. ಕೇಳಿ ಕಡಿದರೂ ನೀರು ಅಷ್ಟೇ ಎತ್ತರ ಬರುತ್ತದೆ, ಕೇಳದೆ ಕಡಿದರೂ ಅಷ್ಟೇ. ಒಂದು ಇಂಚು ಹೆಚ್ಚಲ್ಲ, ಕಡಿಮೆಯಲ್ಲ. ಇದನ್ನು ಎಲ್ಲಿ ಕೂಡಬೇಕು, ಎಲ್ಲಿ ಕಳೆಯಬೇಕು? ಅವಳು ಒಬ್ಬಳೇ ಮಂಚದ ಕಾಲು ಹಿಡಿದು ಎಳೆದಳು. ಅದು ಬಾಗಿಲ ಚೌಕಟ್ಟಿಗೆ ಸಿಕ್ಕಿಹಾಕಿಕೊಂಡು ಅಲ್ಲೇ ನಿಂತಿತು.

ಮರುದಿನ ಏರಿ ಕಡಿದರು. ನೀರು ಅಬ್ಬರಿಸಿಕೊಂಡೇನೂ ಬರಲಿಲ್ಲ. ಹಾಸಿದ ಬಟ್ಟೆ ಒದ್ದೆಯಾಗುವ ಹಾಗೆ ಹೊಲ ಹೊಲವನ್ನೂ ನೆನೆಸುತ್ತ ಬಂತು. ಚೀಲದ ಗೋಡೆ ಮೊದಮೊದಲು ತಡೆಯಿತು, ಆಮೇಲೆ ಬುಡದಲ್ಲಿ ಜಿನುಗಿ ಒಂದು ಮಗ್ಗುಲು ಕುಸಿಯಿತು. ದಾರ್ಕಾಳ ಮನೆಗೆ ಕಿಟಕಿಯವರೆಗೆ ನೀರು ಬಂತು. ಝೋರ್ಯಾದ ಬೀದಿಗಳಲ್ಲಿ ಒಂದು ಹನಿಯೂ ಇಲ್ಲ.

ನದಿ ಇಳಿದ ಮೇಲೆ ಎಂಜಿನಿಯರ್ ಮಂಡಳಿಯ ಕಚೇರಿಗೆ ಬಂದ. ಅಂದುಕೊಂಡಷ್ಟು ನೀರು ಮೇಲಿನಿಂದ ಬರಲಿಲ್ಲವಂತೆ.

“ಅಂದ್ರೆ ಕಡೀದೇ ಇದ್ದಿದ್ರೂ ಏರಿ ನಿಲ್ತಿತ್ತಾ?”

“ನಿಲ್ತಿತ್ತೇನೋ. ಒಡೀತಿತ್ತೇನೋ. ಹೇಳಕ್ಕಾಗಲ್ಲ ಮೇಡಂ.”

“ಹೇಳಕ್ಕಾಗಲ್ಲ ಅಂದ್ರೆ ಏನ್ರೀ ಅರ್ಥ? ಅವತ್ತು ಅಷ್ಟು ಖಡಕ್ಕಾಗಿ ಹೇಳಿದ್ರಲ್ಲ!”

ಅವನು ಬೇಸರ ಮಾಡಿಕೊಳ್ಳಲಿಲ್ಲ. ನಿದ್ದೆಯಿಲ್ಲದೆ ಅವನ ಕಣ್ಣುಗಳೂ ಕೆಂಪಾಗಿದ್ದವು. “ಅವತ್ತು ಗೊತ್ತಿದ್ದಷ್ಟೇ ಇವತ್ತೂ ಗೊತ್ತಿದ್ರೆ, ಇವತ್ತೂ ಕಡೀರಿ ಅಂತಲೇ ಹೇಳ್ತೀನಿ. ನೀವು?”

ಒರಿಸಿಯಾಗೆ, ತಾನೂ ಮತ್ತೆ ಕೈ ಎತ್ತುತ್ತೇನೆ ಎಂಬುದು ಗೊತ್ತಿತ್ತು. ತಪ್ಪಾಯಿತು ಎಂದು ಅಕ್ಕನ ಎದುರು ಅತ್ತು ಹಗುರಾಗುವ ದಾರಿಯೂ ಅವಳಿಗಿರಲಿಲ್ಲ. ಅಂಗಡಿಗೆ ಹೋದರೆ ಜನ ಕೈ ಕುಲುಕಿ ಕೊಂಡಾಡುತ್ತಿದ್ದರು. ಯಾರೋ ಮನೆ ಬಾಗಿಲಿಗೆ ಕೇಕ್ ಇಟ್ಟು ಹೋಗಿದ್ದರು. ಅದನ್ನು ಕತ್ತರಿಸಲು ಅವಳಿಗೆ ಮನಸ್ಸಾಗಲಿಲ್ಲ, ಅದು ಹಾಗೇ ಒಣಗಿತು.

ದಾರ್ಕಾ ಈಗ ತಂಗಿಯ ಮನೆಯಲ್ಲೇ ಇದ್ದಳು. ಜಗಳವಾಡಿದ್ದರೆ ಒರಿಸಿಯಾ ತಡೆದುಕೊಳ್ಳುತ್ತಿದ್ದಳು. ದಾರ್ಕಾ ಜಗಳವಾಡಲಿಲ್ಲ. ಬಂದ ದಿನದಿಂದ ಎಲ್ಲವನ್ನೂ ಕೇಳತೊಡಗಿದಳು.

“ಒರಿಸಿಯಾ, ಈ ಕುರ್ಚಿ ಮೇಲೆ ಕೂತ್ಕೊಳ್ಲಾ?”

“ನಲ್ಲಿ ಬಿಡ್ಲಾ?”

“ಇನ್ನೊಂದು ಚೂರು ಬ್ರೆಡ್ ತಗೊಳ್ಲಾ?”

ಒರಿಸಿಯಾ ಹುಟ್ಟಿದಾಗಿನಿಂದ ಅವಳ ಬಟ್ಟೆ, ಜಡೆ, ತಟ್ಟೆಯ ಮೇಲೆಲ್ಲ ಅಧಿಕಾರ ನಡೆಸಿದ ಅಕ್ಕ. ದನಿಯಲ್ಲಿ ಕೊಂಕೂ ಇರಲಿಲ್ಲ. ಕೇಳಿ, ಉತ್ತರ ಬರುವ ತನಕ ನಿಂತಿರುತ್ತಿದ್ದಳು. ಮೊದಲು ಒರಿಸಿಯಾ ನಕ್ಕಳು. ಆಮೇಲೆ, “ನಿನ್ನ ಮನೇನೇ ಅಂದ್ಕೋ ಅಕ್ಕಾ,” ಅಂದಳು. ಅಂದ ಮೇಲೆ ನಾಲಗೆ ಕಚ್ಚಿಕೊಂಡಳು. ಒಂದು ಮಧ್ಯಾಹ್ನ ತಡೆಯಲಾರದೆ ಸೌಟನ್ನು ಸಿಂಕಿಗೆಸೆದು ಕೂಗಾಡಿದಳು: “ಸಾಕು ಮಾಡೇ! ಕೇಳಬೇಡ, ಏನು ಬೇಕೋ ಮಾಡ್ಕೋ! ಬೇಕಾದ್ರೆ ಮನೇನೇ ಕೆಡವಿ ಹಾಕು!”

“ಕೇಳದೆ ಹೇಗೆ ಕೆಡವಲಿ?” ಎಂದಳು ದಾರ್ಕಾ, ನಿಜವಾಗಿಯೂ ಅಚ್ಚರಿಯಾದವಳಂತೆ.

ಒರಿಸಿಯಾ ಕುರ್ಚಿಯಲ್ಲಿ ಕುಸಿದಳು. ಒಲೆಯ ಮೇಲೆ ಬೋರ್ಷ್ ಸಾರು ಉಕ್ಕಿ, ಸುಟ್ಟ ವಾಸನೆ ಅಡುಗೆಮನೆಯನ್ನೆಲ್ಲ ತುಂಬಿತು. ದಾರ್ಕಾ ಎದ್ದು, ಒಲೆಯತ್ತ ಒಮ್ಮೆ ನೋಡಿ, ಕಿಟಕಿಯ ಬಳಿ ಹೋಗಿ ಅಗುಳಿಯ ಮೇಲೆ ಕೈಯಿಟ್ಟಳು.

“ತೆಗೀಲಾ?”

ಹೊರಗೆ ಒಣಗಿದ ಬೀದಿಯಲ್ಲಿ ಯಾರದೋ ಮಕ್ಕಳು ಸೈಕಲ್ ಗಂಟೆ ಬಾರಿಸುತ್ತ ಹೋದರು. ಹೊಗೆ ದಟ್ಟವಾಗುತ್ತಿತ್ತು. ಅಕ್ಕ ಅಗುಳಿಯ ಮೇಲೆ ಕೈಯಿಟ್ಟುಕೊಂಡೇ, ತಿರುಗಿ ನೋಡುತ್ತ ನಿಂತಿದ್ದಳು.