ಸಂದಿನಲ್ಲಿ ಮಾತಾಡುವವಳು

ಒಂದಾನೊಂದು ಊರಿನಲ್ಲಿ ಒಬ್ಬ ಹುಡುಗಿಯಿದ್ದಳಂತೆ, ಬೇರೆಯವರ ಮಾತು ನಿಂತಾಗ ಮಾತ್ರ ಅವಳಿಗೆ ಬಾಯಿ ಬರುತ್ತಿತ್ತಂತೆ. ಅಜ್ಜಿ ಇದ್ದಿದ್ದರೆ ಹೀಗೇ ಶುರು ಮಾಡಿ, ಎಲೆಯಡಿಕೆ ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಆ ಹುಡುಗಿಯನ್ನು ಯಾವುದಾದರೂ ರಾಕ್ಷಸನ ಕೋಟೆಯೊಳಗೆ ಕೂಡಿಹಾಕಿಬಿಡುತ್ತಿದ್ದಳು. ಈ ಹುಡುಗಿ ಇದ್ದದ್ದು ಕೋಟೆಯಲ್ಲಲ್ಲ. ಮೂರನೇ ಮಹಡಿಯಲ್ಲಿ, ಗೋಡೆಗೆಲ್ಲ ಬೂದು ಸ್ಪಂಜು ಮೆತ್ತಿದ, ಕಿಟಕಿಯಿಲ್ಲದ ಕೋಣೆಯಲ್ಲಿ. ಕಿವಿಗೆ ಹೆಡ್‌ಫೋನು, ಮೂಗಿನ ಮುಂದೆ ಮೈಕು. ಎದುರಿನ ಪರದೆಯ ಮೇಲೆ ಒಬ್ಬ ಹೆಂಗಸು ರೈಲು ನಿಲ್ದಾಣದ ಬೆಂಚಿನಲ್ಲಿ ಕೂತಿದ್ದಳು, ಪಕ್ಕದಲ್ಲಿ ಅವಳ ಗಂಡ ಒಂದೇ ಸಮನೆ ಮಾತಾಡುತ್ತಿದ್ದ. ಗಂಡ ಉಸಿರು ತೆಗೆದುಕೊಳ್ಳಲು ನಿಲ್ಲಿಸಿದ. ಗಾಜಿನಾಚೆ ಕೂತು ಧ್ವನಿ ಮುದ್ರಿಸುತ್ತಿದ್ದ ಸೌಂಡಣ್ಣ ಬೆರಳೆತ್ತಿದ.

“ಹೆಂಗಸು ಒಂದು ಕೈಗವಸು ಬಿಚ್ಚುತ್ತಾಳೆ,” ಎಂದಳು ಹುಡುಗಿ. “ಬೆಂಚಿನ ಮೇಲೆ ಇಡುತ್ತಾಳೆ.”

ಗಂಡ ಮತ್ತೆ ಬಾಯಿ ತೆರೆದ. ಹುಡುಗಿ ತನ್ನದನ್ನು ಮುಚ್ಚಿದಳು.

ಕಣ್ಣು ಕಾಣದವರಿಗೆ ಸಿನಿಮಾ ಹೇಳುವುದು ಅವಳ ಕೆಲಸ. ಆ ವಾರದ ಕೊನೆಗೆ ಅಂಧರ ಶಾಲೆಯೊಂದರಲ್ಲಿ ಚಿತ್ರೋತ್ಸವವಿತ್ತು, ದಿನಕ್ಕೊಂದು ಸಿನಿಮಾ ಮುಗಿಸಿಕೊಡಬೇಕಿತ್ತು. ಈ ಕೆಲಸಕ್ಕೆ ಕಟ್ಟುಪಾಡುಗಳು ಹೆಚ್ಚಿಲ್ಲ. ಪಾತ್ರಗಳ ಮಾತಿನ ಮೇಲೆ ಮಾತು ಹಾಕಬಾರದು. ಸಂದು ಸಿಕ್ಕಲ್ಲಿ ಮಾತ್ರ ಹೇಳಬೇಕು. ಕಂಡದ್ದನ್ನು ಹೇಳಬೇಕು, ಅನಿಸಿದ್ದನ್ನಲ್ಲ. ಹೆಂಗಸಿಗೆ ದುಃಖವಾಗಿದೆ ಅನ್ನುವ ಹಾಗಿಲ್ಲ, ಹೆಂಗಸು ಮೂಗೊರೆಸಿಕೊಂಡಳು ಅನ್ನಬೇಕು. ಐದು ವರ್ಷದಿಂದ ಇದನ್ನೇ ಮಾಡಿ ಅವಳ ನಾಲಿಗೆ ಎಷ್ಟು ಪಳಗಿತ್ತೆಂದರೆ, ಮನೆಯಲ್ಲಿ ಉಪ್ಪಿನ ಡಬ್ಬಿ ಬೇಕೆಂದು ಕೇಳುವುದಕ್ಕೂ ಅಮ್ಮನ ಮಾತು ಮುಗಿಯುವ ತನಕ ಕಾಯುತ್ತಿದ್ದಳು. ಅಮ್ಮನ ಮಾತು ಮುಗಿಯುವಾಗ ಊಟವೂ ಮುಗಿದಿರುತ್ತಿತ್ತು.

ಈ ವಾರ ಮಾತ್ರ ಅವಳ ತಲೆಯ ಮೇಲೆ ಇನ್ನೊಂದು ಕೆಲಸವಿತ್ತು. ಬರುವ ಭಾನುವಾರ ಎರಡೂ ಮನೆಯವರು ಕೂತು ಅವಳ ಮದುವೆಯ ದಿನ ಗೊತ್ತು ಮಾಡುವವರಿದ್ದರು. ಹುಡುಗ ಲಿಫ್ಟುಗಳ ತಪಾಸಣೆಗಾರ. ದೊಡ್ಡ ಕಟ್ಟಡಗಳಿಗೆ ಹೋಗಿ, ಹಗ್ಗ, ಬಾಗಿಲು, ಬ್ರೇಕು ಎಲ್ಲ ನೋಡಿ, ಒಂದೊಂದು ಮಹಡಿಯಲ್ಲೂ ನಿಲ್ಲಿಸಿ ಸಹಿ ಹಾಕುವವನು. ತಂಗಿ ಅವನಿಗೆ ಲಿಫ್ಟಪ್ಪ ಎಂದು ಹೆಸರಿಟ್ಟಿದ್ದಳು. ಒಳ್ಳೆಯವನು, ಕುಡಿಯುವುದಿಲ್ಲ, ನಗುನಗುತ್ತಾ ಇರುತ್ತಾನೆ, ಅಮ್ಮನ ಮೊಣಕಾಲಿಗೆ ಎಣ್ಣೆ ತಂದುಕೊಟ್ಟಿದ್ದಾನೆ. ಅವನಲ್ಲಿ ಕೊರತೆ ಏನು ಎಂದು ಯಾರಾದರೂ ಕೇಳಿದರೆ ಹುಡುಗಿ ತಲೆ ತಗ್ಗಿಸಬೇಕಿತ್ತು. ಆದರೂ ಅವನ ಜೊತೆ ಕೂತಾಗಲೆಲ್ಲ ಅವಳಿಗೆ ಎದೆಯ ಮೇಲೆ ಒಂದು ದಿಂಬು ಇಟ್ಟಂತಾಗುತ್ತಿತ್ತು. ಮೆತ್ತಗಿನ ದಿಂಬೇ, ಆದರೆ ಉಸಿರಿಗೆ ಜಾಗವಿಲ್ಲ.

ಒಣಗಿದ ಬಟ್ಟೆ ಮಡಚುವಾಗ ಇದನ್ನೆಲ್ಲ ತಂಗಿಯ ಮುಂದೆ ಹೇಳಿಕೊಂಡಿದ್ದಳು. ತಂಗಿ ಅರ್ಧ ಮಡಚಿದ ದುಪ್ಪಟಿಯನ್ನು ಹಾಗೇ ಬಿಟ್ಟಳು.

“ನಿನ್ನ ಪರವಾಗಿ ನಾನು ಹೇಳಲ್ಲ ಅಕ್ಕ. ಅಮ್ಮನಿಗೆ ಹೇಳಿದ್ರೆ ಅಮ್ಮ ಅಳ್ತಾಳೆ, ನೀನು ಬೆಣ್ಣೆ ಥರ ಕರಗಿಬಿಡ್ತೀಯ. ಬೇಡ ಅಂತ ಅವನಿಗೇ ಹೇಳು. ಭಾನುವಾರಕ್ಕೆ ಮುಂಚೆ.”

ಅಕ್ಕ ಆಯ್ತು ಎಂದಳು. ತಂಗಿ ಬಿಡಲಿಲ್ಲ, ಆಣೆ ಹಾಕಿಸಿಕೊಂಡೇ ದುಪ್ಪಟಿಯ ಇನ್ನೊಂದು ತುದಿ ಹಿಡಿದಳು.

ಹಾಗಾಗಿ ಸೋಮವಾರ ಸಂಜೆ, ಕಚೇರಿಯ ಕಟ್ಟಡದ ಕೆಳಗೆ ಅವನು ನಗುತ್ತಾ ನಿಂತಿದ್ದಾಗ, ಇವತ್ತೇ ಮುಗಿಸಿಬಿಡಬೇಕು ಎಂದುಕೊಂಡು ಅವಳು ಮೆಟ್ಟಿಲಿಳಿದಳು. ಎದುರು ಬೀದಿಯಲ್ಲಿ ಹೊಸದಾಗಿ ಮೊರಾಕೊ ಊಟದ ಹೋಟೆಲು ತೆರೆದಿತ್ತು. ಅವನಿಗೆ ಹೊಸದೆಂದರೆ ಜೀವ. ಒಳಗೆ ನೀಲಿ ಹೆಂಚಿನ ಗೋಡೆ, ಮೊಣಕಾಲೆತ್ತರದ ಮೇಜು, ತಗ್ಗಿನ ಮೆತ್ತೆ. ತೂತು ತೂತಿನ ತಗಡಿನ ದೀಪಗಳಿಂದ ಎಲ್ಲರ ಮುಖದ ಮೇಲೂ ಬೆಳಕಿನ ಚುಕ್ಕಿ. ಯಜಮಾನಿ ದಪ್ಪ ಹೆಂಗಸು, ಗೋಪುರದಂಥ ಮುಚ್ಚಳದ ಮಣ್ಣಿನ ಪಾತ್ರೆಯನ್ನು ತಂದು ಮೇಜಿನ ಮೇಲಿಟ್ಟು, ಎಲ್ಲರೂ ತನ್ನ ಕಡೆ ನೋಡುವ ತನಕ ಕಾದು, ಆಮೇಲೆ ಮುಚ್ಚಳ ಎತ್ತುತ್ತಿದ್ದಳು. ಆ ಪಾತ್ರೆಗೂ ಒಳಗಿನ ಅಡುಗೆಗೂ ಟಜೀನ್ ಎಂದೇ ಹೆಸರು ಎಂದು ಅವನು ವಿವರಿಸಿದ. ಮೆನು ಕಾರ್ಡನ್ನು ಮೇಲಿನಿಂದ ಕೆಳಗಿನ ತನಕ ಓದಿ, ಒಂದು ಯೋಜನೆ ಹೇಳಿದ. ಅವಳ ಕೆಲಸ ಶನಿವಾರದ ತನಕ ಇಲ್ಲೇ ತಾನೇ? ದಿನಾ ಸಂಜೆ ಬಂದು ಒಂದೊಂದು ಸಾಲು ಮುಗಿಸಿದರೆ ವಾರ ತುಂಬುವಷ್ಟರಲ್ಲಿ ಇಡೀ ಕಾರ್ಡು ರುಚಿ ನೋಡಿದಂತಾಗುತ್ತದೆ. ಯಾವ ಮಹಡಿಯನ್ನೂ ಬಿಡುವ ಹಾಗಿಲ್ಲ ನೋಡಿ, ಎಂದು ತನ್ನ ಮಾತಿಗೆ ತಾನೇ ನಕ್ಕ.

ಅವಳು ಸಂದಿಗಾಗಿ ಕಾದಳು. ಅವನು ಕುರಿಮಾಂಸದ ಜೊತೆ ಬೆಂದ ಒಣಹಣ್ಣಿನ ಬಗ್ಗೆ ಮಾತಾಡಿದ, ಗಾಜಿನ ಲಿಫ್ಟಿನಲ್ಲಿ ಕಣ್ಣು ಮುಚ್ಚಿಕೊಳ್ಳುವ ಶ್ರೀಮಂತರ ಬಗ್ಗೆ ಮಾತಾಡಿದ, ಎರಡು ಕೋಣೆಯ ಮನೆಗೂ ಮೂರು ಕೋಣೆಯ ಮನೆಗೂ ಇರುವ ವ್ಯತ್ಯಾಸದ ಬಗ್ಗೆ ಮಾತಾಡಿದ. ಅಜ್ಜಿಗಾದರೂ ಕಥೆ ಮುಂದುವರಿಯಲು ಕೇಳುವವರು ಹೂಂಗುಟ್ಟಬೇಕಿತ್ತು. ಇವನಿಗೆ ಅದೂ ಬೇಡ. ಕೊನೆಗೆ ಒಂದು ಆಲಿವ್ ಬೀಜ ಹಲ್ಲಿಗೆ ಸಿಕ್ಕಿ ಅವನ ಬಾಯಿ ಕಟ್ಟಿತು. ಸಂದು! ಅವಳ ಗಂಟಲು ತಾನಾಗಿ ತೆರೆದುಕೊಂಡಿತು.

“ಬಾಗಿಲ ಹತ್ತಿರ ಒಬ್ಬ ಮುದುಕ ಕೊಡೆ ಮಡಚುತ್ತಿದ್ದಾನೆ. ಅದು ಮತ್ತೆ ಮತ್ತೆ ಬಿಚ್ಚಿಕೊಳ್ಳುತ್ತಿದೆ.”

ಅವನು ಹಿಂದಿರುಗಿ ನೋಡಿದ. ಮುದುಕ ನಿಜವಾಗಿಯೂ ಕೊಡೆಯ ಜೊತೆ ಗುದ್ದಾಡುತ್ತಿದ್ದ. ಅವನಿಗೆ ಎಷ್ಟು ಖುಷಿಯಾಯಿತೆಂದರೆ ಬೀಜವನ್ನು ತಟ್ಟೆಗೆ ಹಾಕಿ ಎರಡೂ ಕೈ ತಟ್ಟಿದ. ಮುಂದಿನ ಸಂಜೆಯಿಂದ ಅದೇ ಆಟವಾಯಿತು. ತಾನು ಗೋಡೆಗೆ ಮುಖ ಮಾಡಿ ಕೂತು, ತಿನ್ನುವ ನಡುವೆ, “ನನ್ನ ಹಿಂದೆ ಏನಾಗ್ತಿದೆ, ಹೇಳು ನೋಡೋಣ,” ಎನ್ನುತ್ತಿದ್ದ. ಸೋಮವಾರದ ನೀವು ಮಂಗಳವಾರಕ್ಕೆ ನೀನು ಆಗಿತ್ತು. ಅವಳನ್ನು ಅವನು ಕೇಳಿರಲಿಲ್ಲ, ಅವಳೂ ಬೇಡವೆಂದಿರಲಿಲ್ಲ.

ಹಗಲೆಲ್ಲ ಸಿನಿಮಾ. ಒಂದರಲ್ಲಿ ಸೈನಿಕ ಹಿಮದಲ್ಲಿ ಬೂಟು ಹುಡುಕಿದ. ಇನ್ನೊಂದರಲ್ಲಿ ಇಬ್ಬರು ಕಳ್ಳರು ತಾವು ಕದಿಯಲು ಹೊಕ್ಕ ಮನೆಯ ಮಗುವಿಗೆ ಲಾಲಿ ಹಾಡಿದರು. ಸಂಜೆ ಟಜೀನಿನ ಮುಚ್ಚಳ. ಮನೆಗೆ ಹೋದರೆ ಬಾಗಿಲಲ್ಲೇ ತಂಗಿ, ಹುಬ್ಬು ಹಾರಿಸಿಕೊಂಡು.

“ಹೇಳ್ದ್ಯಾ?”

“ಸಂದು ಸಿಗಲಿಲ್ಲ ಕಣೇ.”

“ಊಟಕ್ಕೆ ಮಾತ್ರ ಸಂದು ಸಿಗುತ್ತೆ ನಿಂಗೆ. ಇವತ್ತೇನು, ಕೋಳಿಯಾ?”

“ಕೋಳಿ, ಉಪ್ಪಲ್ಲಿ ಹಾಕಿದ ನಿಂಬೆಹಣ್ಣು.”

“ಚೆನ್ನಾಗಿತ್ತಾ?”

ಚೆನ್ನಾಗಿತ್ತು. ಅದೇ ತೊಂದರೆ.

ಬುಧವಾರ ಅವಳು ಧೈರ್ಯ ಮಾಡಿ, ನಿಮಗೊಂದು ಮಾತು ಹೇಳಬೇಕಿತ್ತು ಎಂದು ಶುರು ಮಾಡಿಯೇಬಿಟ್ಟಳು. ಗೊತ್ತು, ಖಾರ ಸಾಲದು ತಾನೇ, ನನಗೂ ಹಾಗೇ ಅನಿಸಿತು ಎಂದು ಅವನು ಯಜಮಾನಿಯನ್ನು ಕರೆದ. ಕೆಂಪು ಖಾರದ ಬಟ್ಟಲು ಬಂತು. ಅದು ಅವಳ ಕಣ್ಣಲ್ಲಿ ನೀರು ತರಿಸಿತು, ಅವನು ಕರವಸ್ತ್ರ ಕೊಟ್ಟ. ಹೀಗೆ ನೋಡಿಕೊಳ್ಳುವವನಿಗೆ ಏನಂತ ಹೇಳುವುದು?

ಗುರುವಾರ ಅವಳು ಒಂದು ಸುಳ್ಳು ಹೇಳಿದಳು. ಕೆಲಸ ಬಾಕಿಯಿದೆ, ಹೊತ್ತಾಗುತ್ತದೆ, ಇವತ್ತು ಬರುವುದು ಬೇಡ ಎಂದು ಫೋನು ಮಾಡಿದಳು. ಸ್ವಲ್ಪ ಹೊತ್ತಿಗೆ ಅವನು ಮೂರನೇ ಮಹಡಿಗೇ ಬಂದ, ಕೈಯಲ್ಲಿ ಬಿಸಿ ಬಿಸಿ ಕೂಸ್‌ಕೂಸ್‌ನ ಪೊಟ್ಟಣ. ಸೌಂಡಣ್ಣನಿಗೂ ಒಂದು ಪಾಲು ತಂದಿದ್ದ. ರವೆಯ ಹಾಗಿದ್ದ ಆ ಕಾಳುಗಳನ್ನು ಸೌಂಡಣ್ಣ ಎರಡು ತುತ್ತು ತಿನ್ನುವಷ್ಟರಲ್ಲಿ ಇಬ್ಬರೂ ಅಣ್ಣತಮ್ಮಂದಿರಾಗಿಬಿಟ್ಟರು. ಹೊಸ ತಮ್ಮನಿಗೆ ತನ್ನ ಹೆಡ್‌ಫೋನು ತೊಡಿಸಿ, ಗಾಜಿನಾಚೆ ತನ್ನ ಕುರ್ಚಿಯಲ್ಲೇ ಕೂರಿಸಿ, ಸೌಂಡಣ್ಣ ಚಹಾ ಕುಡಿಯಲು ಇಳಿದುಹೋದ.

ಪರದೆಯ ಮೇಲೆ ಒಂದು ಕೆರೆ. ಹೆಂಗಸೊಬ್ಬಳು ದೋಣಿಯಲ್ಲಿ ಒಬ್ಬಳೇ ಹೋಗುತ್ತಿದ್ದಳು. ಆ ಸಿನಿಮಾದಲ್ಲೇ ಅತಿ ಉದ್ದದ ಸಂದು ಅದು. ಅಷ್ಟು ಹೊತ್ತೂ ಯಾರೂ ತುಟಿ ಪಿಟಕ್ಕೆನ್ನುವುದಿಲ್ಲ. ಗಾಜಿನಾಚೆ ಅವನು, ಕಿವಿ ಮುಚ್ಚಿಕೊಂಡು, ಬಾಯಿಯನ್ನೂ ಮುಚ್ಚಿಕೊಂಡು, ಅವಳನ್ನೇ ನೋಡುತ್ತಿದ್ದ. ಅವಳ ಧ್ವನಿ ಬಿಟ್ಟು ಬೇರೇನೂ ಅವನಿಗೆ ಕೇಳುವಂತಿರಲಿಲ್ಲ. ದೇವರೇ ಕರೆದು ಕೊಟ್ಟಂಥ ಹೊತ್ತು. ಈಗ ಹೇಳಿದರೆ ಅಡ್ಡ ಬರುವವರಿಲ್ಲ. ಹೇಳಿದ್ದನ್ನು ಆಮೇಲೆ ಅಳಿಸಿ, ಕೆರೆಯನ್ನು ಮತ್ತೆ ಹೇಳಿದರಾಯಿತು.

ಅವಳು ಮೈಕಿಗೆ ಮುಖ ತಂದಳು.

“ಹೆಂಗಸು ಹುಟ್ಟು ಹಾಕುತ್ತಾಳೆ,” ಎಂದಳು. “ದಡ ದೂರವಾಗುತ್ತದೆ. ಹೆಂಗಸು ಹುಟ್ಟನ್ನು ಎತ್ತಿ ಮಡಿಲಲ್ಲಿ ಇಟ್ಟುಕೊಳ್ಳುತ್ತಾಳೆ. ದೋಣಿ ನಿಲ್ಲುತ್ತದೆ. ಹುಟ್ಟಿನಿಂದ ನೀರು ತೊಟ್ಟಿಕ್ಕುತ್ತದೆ.”

ಬೇರೆ ಮಾತು ಬರಲೇ ಇಲ್ಲ. ನಾಲಿಗೆಗೆ ಗೊತ್ತಿದ್ದದ್ದು ಅಷ್ಟೇ. ಹಣೆಯನ್ನು ತಣ್ಣಗಿನ ಮೇಜಿಗೆ ಒತ್ತಿಕೊಂಡು ಕೂತಳು. ತಲೆಯೆತ್ತಿ ನೋಡಿದಾಗ ಗಾಜಿನಾಚೆ ಅವನು ಹೆಡ್‌ಫೋನು ತೆಗೆದು ಕಣ್ಣೊರೆಸಿಕೊಳ್ಳುತ್ತಿದ್ದ.

ಮನೆಗೆ ಬಿಡುವ ದಾರಿಯಲ್ಲಿ ಮೊದಲ ಸಲ ಅವನು ಮೆಲ್ಲಗೆ ಮಾತಾಡಿದ. ಅವನ ತಾಯಿಯ ಕಣ್ಣು ಹೋಗುತ್ತಿತ್ತು. ನಡುವೆಲ್ಲ ಹೊಗೆ, ಅಂಚಿನಲ್ಲಿ ಮಾತ್ರ ಬೆಳಕು. ಇನ್ನೊಂದೆರಡು ವರ್ಷಕ್ಕೆ ಅದೂ ಇರುವುದಿಲ್ಲ ಎಂದಿದ್ದಾರಂತೆ ವೈದ್ಯರು. ಜೀವಮಾನವೆಲ್ಲ ಸಿನಿಮಾ ನೋಡಿ ಬೆಳೆದವಳು, ಈಗ ಟೀವಿಗೆ ಬೆನ್ನು ಹಾಕಿ ಕೂರುತ್ತಾಳೆ. ಮೊದಲೇ ಹೇಳಿದರೆ ಇದಕ್ಕಾಗಿಯೇ ಹೆಣ್ಣು ಕೇಳಿದರು ಅಂದುಕೊಳ್ಳುತ್ತೀಯೇನೋ ಎಂದು ಹೆದರಿ ಹೇಳಿರಲಿಲ್ಲ, ಎಂದ. ಈಗ ಕೇಳಿದ ಮೇಲೆ ತಡೆಯಲಾಗಲಿಲ್ಲವಂತೆ.

“ನೀನು ಮನೆಗೆ ಬಂದ್ರೆ ಅಮ್ಮನಿಗೆ ಲೋಕ ವಾಪಸ್ ಬಂದ ಹಾಗೆ.”

ಆ ಹೊತ್ತಿಗೆ ಮನೆ ಬಂತು. ತಂಗಿ ಕೇಳಿದಾಗ ಅಕ್ಕ ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ಕೂತಳು. ಅಜ್ಜಿಯ ಕಥೆಯಲ್ಲಿ ರಾಕ್ಷಸನ ಮನೆಯಲ್ಲಿ ಸಿಕ್ಕಿಬಿದ್ದವಳಿಗೆ ಬಿಡಿಸಿಕೊಳ್ಳಲು ಒಂದಲ್ಲ ಒಂದು ಉಪಾಯ ಇದ್ದೇ ಇರುತ್ತಿತ್ತು. ರಾಕ್ಷಸನೇ ಇಲ್ಲದ ಮನೆಯಿಂದ ಬಿಡಿಸಿಕೊಳ್ಳುವುದು ಹೇಗೆಂದು ಅಜ್ಜಿ ಹೇಳಿಕೊಟ್ಟಿರಲಿಲ್ಲ.

ಶುಕ್ರವಾರ ಅವನು ಅವಳಿಗೆ ಮೀನಿನ ಮುಳ್ಳು ಬಿಡಿಸಿಕೊಟ್ಟ. ಶನಿವಾರ ಕಾರ್ಡಿನ ಕೊನೆಯ ಸಾಲು ಉಳಿದಿತ್ತು, ಸಿಹಿ ಮತ್ತು ಪುದಿನಾ ಚಹಾ. ಅವಳು ಒಳಗೆ ಕಾಲಿಟ್ಟಾಗ ಎಂದಿನ ಮೇಜಿನಲ್ಲಿ ಅವನ ಎದುರು ಒಬ್ಬರು ಕೂತಿದ್ದರು. ಬಿಳಿಗೂದಲ ಗಂಟು, ಇಸ್ತ್ರಿ ಮಾಡಿದ ಹತ್ತಿಯ ಸೀರೆ, ಮುಖವನ್ನು ಹಕ್ಕಿಯ ಹಾಗೆ ಓರೆ ಮಾಡಿ ನೋಡುವ ರೀತಿ. ಅವನ ತಾಯಿ. ನಾಳೆ ಹೇಗೂ ಎಲ್ಲರೂ ಇರುತ್ತಾರೆ, ಇವತ್ತು ಅಮ್ಮ ನಿನ್ನ ಮಾತು ಕೇಳಲಿ ಎಂದು ಕರೆತಂದೆ, ಎಂದ ಅವನು.

ತಾಯಿ ಅವಳ ಕೈ ಹಿಡಿದು ಪಕ್ಕದಲ್ಲಿ ಕೂರಿಸಿಕೊಂಡರು. “ಇವನು ಹೇಳಿದ್ದನ್ನ ನಾನು ನಂಬಲ್ಲ ಮಗಳೇ. ಬೆಕ್ಕು ಹೇಗಿದೆಯಪ್ಪಾ ಅಂದ್ರೆ, ನಾಲ್ಕು ಕಾಲು, ಒಂದು ಬಾಲ, ಸುಸ್ಥಿತಿಯಲ್ಲಿದೆ ಅನ್ನೋನು ಇವನು. ನೀನು ಹೇಳು. ಎಲ್ಲಿ ಕೂತಿದೀವಿ ನಾವು?”

ಅವಳು ಹೇಳಿದಳು. ಗೋಡೆಯ ನೀಲಿಯನ್ನು, ತೂತಿನ ದೀಪವನ್ನು, ಎತ್ತರದಿಂದ ಸಣ್ಣ ಲೋಟಕ್ಕೆ ಒಂದು ಹನಿಯೂ ಚೆಲ್ಲದೆ ಚಹಾ ಸುರಿಯುವ ಯಜಮಾನಿಯನ್ನು, ಮೂಲೆಯ ಮೇಜಿನಲ್ಲಿ ಮಾತುಬಿಟ್ಟ ಗಂಡ ಹೆಂಡತಿ ಒಂದೇ ತಟ್ಟೆಯಿಂದ ಖರ್ಜೂರ ತೆಗೆಯುವುದನ್ನು. ತಾಯಿ ಕಣ್ಣು ಮುಚ್ಚಿ ಕೇಳಿದರು. ಮಗ ಮೊಣಕೈ ಮೇಜಿಗೂರಿ, ತಾನೇ ಮಾಡಿಸಿದ ಒಡವೆಯನ್ನು ತೋರಿಸುವವನ ಹಾಗೆ ಇಬ್ಬರನ್ನೂ ನೋಡುತ್ತಿದ್ದ.

“ಇನ್ನು ನೀನು?” ಎಂದರು ತಾಯಿ. “ನಿನ್ನನ್ನ ಹೇಳಲೇ ಇಲ್ಲ. ನೀನು ಹೇಗಿದ್ದೀಯ?”

ಹುಡುಗಿಗೆ ಬೇರೆ ರೀತಿ ಗೊತ್ತಿರಲಿಲ್ಲ.

“ಹುಡುಗಿ ಬೂದು ಬಣ್ಣದ ಕುರ್ತಾ ಹಾಕಿದ್ದಾಳೆ,” ಎಂದಳು. “ಬೆನ್ನನ್ನು ಗೋಡೆಗೆ ಒತ್ತಿ ಕೂತಿದ್ದಾಳೆ. ಚಪ್ಪಲಿ ಬಿಚ್ಚಿಲ್ಲ. ಅವಳ ತಟ್ಟೆಯ ಸಿಹಿ ಹಾಗೇ ಇದೆ. ಕಣ್ಣು ಬಾಗಿಲಿನ ಕಡೆ ಇದೆ.”

ತಾಯಿಯ ಕಣ್ಣು ತೆರೆದುಕೊಂಡಿತು. ಅವಳ ಕೈ ಮೇಲಿದ್ದ ಅವರ ಕೈ ಅಲ್ಲೇ ಇತ್ತು, ಆದರೆ ಹಗುರಾಯಿತು.

ಬಾಗಿಲಲ್ಲಿ ಯಾರಿದ್ದಾರೆ, ಮತ್ತೆ ಕೊಡೆಯ ತಾತನಾ, ಎಂದು ಅವನು ತಿರುಗಿ ನೋಡಿ ನಕ್ಕ. ಯಾರೂ ಇರಲಿಲ್ಲ. ಸರಿ, ನಾಳೆಯ ವಿಷಯ, ಎಂದು ಮೇಜಿನತ್ತ ಬಾಗಿದ. ಹತ್ತು ಗಂಟೆಗೆ ನಾವು ಬರುತ್ತೇವೆ, ಮಾವನೂ ಬರುತ್ತಾರೆ, ದಿನ ಆದಷ್ಟು ಬೇಗ ಇಟ್ಟುಕೊಂಡರೆ ಒಳ್ಳೆಯದು, ಮೂರು ಕೋಣೆಯ ಮನೆಯನ್ನೇ ನೋಡಿದ್ದೇನೆ, ಹಿಂದಿನ ಕೋಣೆ ಅಮ್ಮನಿಗೆ, ಅಲ್ಲೇ ದೊಡ್ಡ ಟೀವಿ, ಪಕ್ಕದಲ್ಲಿ ನಿನಗೊಂದು ಕುರ್ಚಿ—

“ನಾನು ಬರಲ್ಲ,” ಎಂದಳು.

—ಕುರ್ಚಿ ಒಳ್ಳೆಯದೇ ತರೋಣ, ಗಂಟೆಗಟ್ಟಲೆ ಕೂರಬೇಕಲ್ಲ, ಬೆನ್ನಿಗೆ—

“ನಾಳೆ ನೀವು ಬರಬೇಡಿ. ನನಗೆ ಈ ಮದುವೆ ಬೇಡ.” ಅವನ ಮಾತು ಇನ್ನೂ ಹರಿಯುತ್ತಿತ್ತು, ಅವಳದ್ದು ಅದರ ಮೇಲೇ ಬಿತ್ತು. ಕೆಟ್ಟದಾಗಿ ಕೇಳಿಸಿತು, ಎರಡು ರೇಡಿಯೋ ಒಟ್ಟಿಗೆ ಹಾಕಿದ ಹಾಗೆ. ಅವಳು ನಿಲ್ಲಿಸಲಿಲ್ಲ. “ನಾನು ನಿಮ್ಮನ್ನ ಮದುವೆ ಆಗಲ್ಲ. ಸೋಮವಾರದಿಂದ ಇದನ್ನೇ ಹೇಳೋಕೆ ಬರ್ತಿದ್ದೆ.”

ಅವನ ಮಾತು ಬೆನ್ನಿಗೆ ಎಂಬಲ್ಲೇ ನಿಂತಿತು. ಯಜಮಾನಿ ಯಾವುದೋ ಮೇಜಿನಲ್ಲಿ ಮುಚ್ಚಳ ಎತ್ತಿದಳು, ಅಲ್ಲಿದ್ದವರು ಆಹಾ ಎಂದರು.

“ನಾನೇನು ತಪ್ಪು ಮಾಡಿದೆ?” ಎಂದು ಅವನು ಕೇಳಿದ.

“ಏನೂ ಇಲ್ಲ,” ಎಂದಳು ಅವಳು. ನಿಜವಾಗಿಯೂ ಏನೂ ಇರಲಿಲ್ಲ.

ತಾಯಿ ಅವಳ ಕೈಯನ್ನು ಬಿಟ್ಟು, ಮೇಜಿನ ಮೇಲೆ ಬೆರಳಾಡಿಸತೊಡಗಿದ್ದರು. ಬೆರಳು ತಟ್ಟೆಯ ಅಂಚು ದಾಟಿ, ಚಮಚ ದಾಟಿ, ಹೊಗೆಯಾಡುವ ಲೋಟದ ಪಕ್ಕದಲ್ಲೇ ಹಾದುಹೋಯಿತು. ಹುಡುಗಿ ಎರಡೂ ಕೈಯನ್ನು ಮಡಿಲಲ್ಲಿ ಇಟ್ಟುಕೊಂಡಳು. ಅವನು ಸ್ವಲ್ಪ ಹೊತ್ತು ಆ ಬೆರಳುಗಳನ್ನು ನೋಡಿದ. ಆಮೇಲೆ ಮೊಣಕಾಲ ಮೇಲೆ ಮುಂದೆ ಸರಿದು, ತಾಯಿಯ ಮಣಿಕಟ್ಟು ಹಿಡಿದ.

“ಇಲ್ಲಿದೆ ಅಮ್ಮ. ಎಡಗಡೆ,” ಎಂದ. ಮಾತು ಹುಡುಕಿ ಹುಡುಕಿ, “ಗಾಜಿನ ಲೋಟ. ಮೇಲೆ ಒಂದು ಎಲೆ ತೇಲ್ತಾ ಇದೆ. ತುಂಬಾ ಹಸಿರು ಎಲೆ,” ಎಂದ.