ಬೆನ್ನಿಗೆ ಬಾರದ ಖೋ

ಹಿಂದಿನಿಂದ ಯಾರೋ ಓಡಿ ಬರುತ್ತಿದ್ದಾರೆ, ಮಣ್ಣಿನ ಮೇಲೆ ಹಗುರಾದ ಹೆಜ್ಜೆ, ಸ್ಪಂದನಳೇ ಇರಬೇಕು, ಉಸಿರನ್ನು ಹಾಗೆ ಬಾಯಲ್ಲಿ ಎಳೆದುಕೊಳ್ಳುವವಳು ಅವಳೊಬ್ಬಳೇ — ವಚನಾ ಕುಕ್ಕರುಗಾಲಿನಲ್ಲೇ ಬೆನ್ನು ಬಿಗಿಮಾಡಿದಳು, ಬೆರಳ ತುದಿ ನೆಲಕ್ಕೆ, ಎಡಮಂಡಿ ಪೂರ್ತಿ ಮಡಚಿದೆ, ನೋಯುತ್ತಿಲ್ಲ, ಈಗ ಬೆನ್ನು ತಟ್ಟುತ್ತಾಳೆ, ಈಗ — ಖೋ! ಕೂಗು ಅವಳನ್ನು ದಾಟಿ ಹೋಯಿತು, ಆಚೆ ಕೂತಿದ್ದ ರಾಗಿಣಿಯ ಬೆನ್ನಿಗೆ, ರಾಗಿಣಿ ಚಿಮ್ಮಿ ಎದ್ದಳು. ಮತ್ತೆ ಹಾಗೇ. ಆಟ ಶುರುವಾದಾಗಿನಿಂದ ಒಬ್ಬರೂ ಅವಳಿಗೆ ಖೋ ಕೊಟ್ಟಿಲ್ಲ, ಕೊಡದೆ ಏಳುವಂತಿಲ್ಲ, ಸಾಲಿನಲ್ಲಿ ಕಲ್ಲಿನ ಹಾಗೆ ಕೂತಿರಬೇಕು. ಆಪರೇಷನ್ ಆದಮೇಲೆ ಇದೇ ಮೊದಲ ಆಟ, ತಮ್ಮತಮ್ಮಲ್ಲೇ ಎರಡು ಗುಂಪು ಮಾಡಿಕೊಂಡದ್ದು, ಆದರೂ ಆಟ. ತೊಡೆಯ ಹಿಂದಿನ ಸ್ನಾಯುವಿನ ಎಳೆ ತೆಗೆದು ಮಂಡಿಯೊಳಗೆ ಬಿಗಿದಿದ್ದಾರೆ, ಹೊಸದು, ಗಟ್ಟಿ, ಬಸವೇಶ್ವರನಗರದ ಫಿಸಿಯೋ ಅಂಬುಜಾ ಮೇಡಂ ಒಂಟಿಕಾಲಲ್ಲಿ ಕುಣಿಸಿ, ಓಡಿಸಿ, ತಿರುಗಿಸಿ, ಕೊನೆಗೆ ನಕ್ಕಿದ್ದರು, ಹೋಗಮ್ಮ ಆಡು, ಹೆದರ್ಕೊಂಡು ಆಡಿದ್ರೇನೇ ಏಟಾಗೋದು — ತಾನು ಹೆದರುತ್ತಿಲ್ಲವಲ್ಲ, ಹೆದರುತ್ತಿರುವುದು ಇವರು. ಹೋದ ವರ್ಷ ಅಗೋ ಆ ಕಂಬದ ಬಳಿ ಪಾದ ನೆಟ್ಟು ಮೈ ಮಾತ್ರ ತಿರುಗಿತ್ತು, ಒಣಗಿದ ಅವರೆಕಾಯಿ ಸಿಡಿದ ಹಾಗೆ ಒಳಗೆ ಟಪ್ ಎಂದಿತ್ತು, ನಂಗೂ ಕೇಳಿಸ್ತು ಕಣೇ ಎಂದು ಸ್ಪಂದನ ಆಸ್ಪತ್ರೆಯಲ್ಲಿ ಕೈ ಹಿಡಿದು ಅತ್ತಿದ್ದಳು, ಆಮೇಲೆ ಅವಳು ಬರುವುದು ಕಮ್ಮಿಯಾಯಿತು, ತಂಡದ ವಾಟ್ಸಾಪ್ ಗ್ರೂಪೂ ತಣ್ಣಗಾಯಿತು, ಎಲ್ಲರಿಗೂ ಪರೀಕ್ಷೆಯೇನೋ ಅಂದುಕೊಂಡಿದ್ದಳು ಪೆದ್ದಿ ವಚನಾ, ತಾನಿಲ್ಲದ ಇನ್ನೊಂದು ಗ್ರೂಪ್ ಮಾಡಿಕೊಂಡಿದ್ದರು, ಆಟದ ಫೋಟೋ ನೋಡಿ ನಿಂಗೆ ಬೇಜಾರಾಗತ್ತೆ ಅಂತ ಕಣೇ, ಬೇರೇನಿಲ್ಲ, ಎಂದಿದ್ದಳು ಸ್ಪಂದನ. ಬೇಜಾರಾಗಿದ್ದರೆ ಆಗಲಿ ಅಂತ ಬಿಡಬಹುದಿತ್ತಲ್ಲ. ಜೊತೆಗಿದ್ದದ್ದು ಅಜ್ಜಿ ಮುನಿತಾಯಮ್ಮ ಒಬ್ಬರೇ, ಅವರದು ಸವೆದ ಮಂಡಿ, ಒಂದೇ ಮಂಚದ ಮೇಲೆ ಇಬ್ಬರೂ ಕಾಲು ಚಾಚಿ, ಸುತ್ತಿದ ಟವಲನ್ನು ಮಂಡಿಯಡಿ ಇಟ್ಟು ಒತ್ತುತ್ತಿದ್ದರು, ನನ್ ಕಾಲು ಮುಗೀತು ಕಣವ್ವ, ನಿನ್ ಕಾಲ್ಯಾಕೆ ನನ್ ಪಕ್ಕ ಬಿದ್ದೈತೆ, ಇವತ್ತು ಅಜ್ಜಿ ಗೋಡೆ ಹಿಡಿದುಕೊಂಡು ಮನೆಯ ಗೇಟಿನ ತನಕ ಬಂದು ನೋಡಿದರು, ತಿರುಗಿ ನೋಡದೆ ಬಂದುಬಿಟ್ಟಳು, ನೋಡಬೇಕಿತ್ತು.

ಮತ್ತೆ ಅದೇ ಉಸಿರು. ಈ ಸಲ ಹತ್ತಿರ, ಜಡೆಗೆ ಬೆರಳು ತಾಗಿತು, ಹೌದು, ಅಂಗೈಯ ಬಿಸಿ ಅಂಗಿಯ ಮೇಲೆಯೇ ಬಂತು, ಬಂದು ನಿಂತಿತು, ಹೋಯಿತು — ಸ್ಪಂದನ ಕೈ ಹಿಂದಕ್ಕೆ ಎಳೆದುಕೊಂಡಳು. ಯಾಕೆ ಎದ್ದಳೋ ವಚನಾಳಿಗೇ ಗೊತ್ತಿಲ್ಲ, ಎದ್ದಿದ್ದಳು, ಓಡುತ್ತಿದ್ದಳು, ಸೀಟಿ ಕೂಗಿತು, ಫೌಲ್, ಕೂಗಲಿ, ಕಂಬ ಬಂತು, ಅದೇ ಕಂಬ, ಕೈಯಲ್ಲಿ ಹಿಡಿದು ಎಡಗಾಲು ಊರಿ ತಿರುಗಿದಳು, ಮಂಡಿ ತಿರುಗಿತು, ತಡೆಯಿತು, ಅವಳನ್ನು ಹೊತ್ತು ಆಚೆ ಬದಿಗೆ ತಂದು ಬಿಟ್ಟಿತು, ನೋಡಿದಿರಾ, ಯಾರಾದರೂ ನೋಡಿದಿರಾ — ಎಲ್ಲರೂ ನಿಂತುಬಿಟ್ಟಿದ್ದರು, ಎಲ್ಲರ ಕಣ್ಣೂ ಅವಳ ಮಂಡಿಯ ಮೇಲೆ, ಅವಳ ಮೇಲಲ್ಲ. ಕೋಚ್ ನಾಗಭೂಷಣ್ ಸಾರ್ ಮೆಲ್ಲಗೆ ಬಂದರು, ಖೋ ಇಲ್ಲದೆ ಎದ್ದವರನ್ನು ಕಿವಿ ಕೇಳ್ಸಲ್ವೇನೇ ನಿಂಗೆ ಎಂದು ಬೀದಿಗೆಲ್ಲ ಕೇಳುವ ಹಾಗೆ ಬೈಯುವವರು, ಪರವಾಗಿಲ್ಲಮ್ಮ, ನಿಧಾನ, ಎಂದರು. ಸಾರ್, ಬೈಯಿರಿ ಸಾರ್. ಅವರು ಸೀಟಿಯನ್ನು ಅಂಗಿಗೆ ಒರೆಸಿಕೊಂಡು ಬೇರೆ ಕಡೆ ನೋಡಿದರು. ಅವಳು ಕಂಬದ ಬುಡದಲ್ಲಿ ಕೂತುಬಿಟ್ಟಳು, ನೋವಿಗಲ್ಲ, ನೋವಿಗಲ್ಲ ಎಂದು ಹೇಳಬೇಕಿತ್ತು, ಅಷ್ಟರಲ್ಲಿ ಸ್ಪಂದನ ಓಡಿ ಬಂದಿದ್ದಾಳೆ, ನೋವಾಯ್ತೇನೇ, ಏಳು, ಹಿಡ್ಕೋ — ಅಂಗೈ, ಬೆನ್ನಿಗೆ ಬರಬೇಕಿದ್ದ ಅಂಗೈ, ಮುಖದ ಮುಂದೆ ಬಂದಿದೆ, ಐದೂ ಬೆರಳು ಬಿಡಿಸಿಕೊಂಡು, ಬೆವರಿಗೆ ಅಂಟಿದ ಕೆಂಪು ಮಣ್ಣು, ಎತ್ತಲಿಕ್ಕೆ ಬಂದದ್ದು, ಎಷ್ಟು ಮೆತ್ತಗೆ, ಮುಖದ ಮುಂದೆ, ಆ ಅಂಗೈ